ಯೋಡಾಗೆ ಹೇಳಲಾಗದ್ದು ಪಾಲ್ಪಟೀನ್‌ಗೆ ಗೊತ್ತಿತ್ತು

ಕಳೆದ ಎಪಿಸೋಡ್ ಆದ ಮೇಲೆ ಬಂದ ವಾಯ್ಸ್ ನೋಟ್‌ಗಳಲ್ಲಿ ಒಂದು ಪ್ರಶ್ನೆ ತಲೇಲಿ ಕೂತುಬಿಟ್ಟಿದೆ. ‘ಸ್ಟಾರ್ ವಾರ್ಸ್‌ನಲ್ಲಿ ಜೆಡಾಯ್‌ಗಳು ಪ್ರೀತಿ, ಮದುವೆ, ಮನೆ ಯಾವುದೂ ಬೇಡ ಅಂತಾರೆ. ಅಂಥೋರು ಗಟ್ಟಿ ಇರಬೇಕಿತ್ತಲ್ವಾ? ಮತ್ತೆ ಒಬ್ಬ ಹುಡುಗ ಕೈಬಿಟ್ಟುಹೋಗಿದ್ದಕ್ಕೆ ಇಡೀ ಪಂಥಾನೇ ಯಾಕೆ ಮುಳುಗೋಯ್ತು?’

ಒಳ್ಳೆ ಪ್ರಶ್ನೆ. ಇವತ್ತು ಅದೊಂದೇ ವಿಷಯ. ಕಥೆ ಪೂರ್ತಿ ಬಿಚ್ಚಿಡ್ತೀನಿ, ಈಗಲೇ ಹೇಳಿದೀನಿ. 1977ರಲ್ಲಿ ಶುರುವಾದ ಸಿನಿಮಾ ಸರಣಿಗೆ ಸ್ಪಾಯ್ಲರ್ ಅಲರ್ಟ್ ಕೊಡೋದು ಅಂದ್ರೆ ಮಹಾಭಾರತಕ್ಕೆ ಕೊಟ್ಟಂಗೆ, ಆದ್ರೂ.

ನೋಡದೇ ಇರೋರಿಗೆ ಎರಡೇ ಮಾತು. ಜೆಡಾಯ್‌ಗಳು ಅಂದ್ರೆ ಯೋಧರೂ ಹೌದು, ಸನ್ಯಾಸಿಗಳೂ ಹೌದು. ಕೈಯಲ್ಲಿ ಬೆಳಕಿನ ಕತ್ತಿ, ಅಂದ್ರೆ ಲೈಟ್‌ಸೇಬರ್. ಮನಸ್ಸಲ್ಲಿ ಫೋರ್ಸ್ ಅನ್ನೋ ಶಕ್ತಿ. ಮಕ್ಕಳನ್ನ ತೀರಾ ಚಿಕ್ಕವರಿದ್ದಾಗಲೇ ಮನೆಯಿಂದ ಕರ್ಕೊಂಡು ಬಂದು ಬೆಳೆಸ್ತಾರೆ. ಇವರ ಮುಖ್ಯ ನಿಯಮಗಳಲ್ಲಿ ಒಂದು, ಯಾರನ್ನೂ ಯಾವುದನ್ನೂ ಅಂಟಿಸಿಕೊಳ್ಳಬಾರದು. ಆ ನಿಯಮ ಮುರಿದ ಹುಡುಗ ಅನಾಕಿನ್ ಸ್ಕೈವಾಕರ್. ಅವನೇ ಮುಂದೆ ಕಪ್ಪು ಮುಖವಾಡದ ಡಾರ್ತ್ ವೇಡರ್ ಆಗ್ತಾನೆ. ಈ ಕಥೆ ಇರೋದು 1999, 2002, 2005ರಲ್ಲಿ ಬಂದ ಮೂರು ಸಿನಿಮಾಗಳಲ್ಲಿ. ಸಂಭಾಷಣೆ ಕೆಲವು ಕಡೆ ತಡ್ಕೊಳ್ಳೋಕಾಗಲ್ಲ, ಒಪ್ತೀನಿ. ಆ ಮರಳಿನ ಡೈಲಾಗ್ ಬಗ್ಗೆ ನಾನು ಏನೂ ಹೇಳಲ್ಲ. ಆದ್ರೆ ಆ ಮೂರು ಸಿನಿಮಾಗಳ ಹೊಟ್ಟೇಲಿರೋ ಕಥೆ ಗಟ್ಟಿಯಾಗಿದೆ.

ಮೊದಲು ಒಂದು ವಿಷಯ ಸರಿ ಮಾಡ್ಕೊಳ್ಳೋಣ. ಜೆಡಾಯ್‌ಗಳು ‘ಭಾವನೆಯೇ ಬೇಡ’ ಅಂತ ಹೇಳ್ತಾರೆ ಅನ್ನೋದು ಪೂರ್ತಿ ನಿಜ ಅಲ್ಲ. 2002ರ ಸಿನಿಮಾದಲ್ಲಿ ಅನಾಕಿನ್ನೇ ಪದ್ಮೆಗೆ ವಿವರಿಸ್ತಾನೆ. ಅಂಟಿಕೊಳ್ಳೋದು ನಿಷಿದ್ಧ, ನನ್ನದು ಅಂತ ಇಟ್ಕೊಳ್ಳೋದು ನಿಷಿದ್ಧ, ಆದ್ರೆ ಕರುಣೆ ಜೆಡಾಯ್ ಬದುಕಿನ ಕೇಂದ್ರದಲ್ಲೇ ಇದೆ ಅಂತ. ಸ್ಟಾರ್ ವಾರ್ಸ್ ಹುಟ್ಟುಹಾಕಿದ ಜಾರ್ಜ್ ಲ್ಯೂಕಸ್ ಕೂಡ ಸಂದರ್ಶನಗಳಲ್ಲಿ ಇದೇ ಅರ್ಥದಲ್ಲಿ ಮಾತಾಡಿದ್ದಾರೆ. ಕಳ್ಕೊಳ್ಳೋ ಭಯದಿಂದ ಹಿಡ್ಕೊಳ್ಳೋದು ಒಂದು, ಇನ್ನೊಬ್ಬರಿಗೋಸ್ಕರ ಮಿಡಿಯೋದು ಇನ್ನೊಂದು.

ಕನ್ನಡದಲ್ಲಿ ಇದನ್ನ ಹೇಳೋಕೆ ಹೋದಾಗ ನನಗೆ ಒಂದು ಮಜಾ ಸಿಕ್ತು. ಅಟ್ಯಾಚ್‌ಮೆಂಟ್‌ಗೆ ಏನು ಪದ? ಮೋಹ ಅನ್ನಬಹುದು, ಮಮಕಾರ ಅನ್ನಬಹುದು. ಮಮಕಾರ ಅಂದ್ರೆ ‘ಇದು ನನ್ನದು’ ಅನ್ನೋ ಹಿಡಿತ, ಕೆಟ್ಟ ಅರ್ಥದಲ್ಲೇ ಜಾಸ್ತಿ ಬಳಸ್ತೀವಿ. ಆದ್ರೆ ಮಮತೆ? ಅದು ಅಮ್ಮನ ಪ್ರೀತಿಗೆ ನಾವು ಬಳಸೋ ಪದ. ಎರಡರ ಬುಡದಲ್ಲೂ ಇರೋದು ಅದೇ ‘ಮಮ’, ಅಂದ್ರೆ ನನ್ನ. ಒಂದೇ ಬೇರಿಂದ ಬಂದ ಎರಡು ಪದ, ಒಂದನ್ನ ಬಿಡು ಅಂತೀವಿ, ಇನ್ನೊಂದನ್ನ ಹೊಗಳ್ತೀವಿ. ಇವೆರಡನ್ನ ಬೇರೆ ಮಾಡೋದು ಎಷ್ಟು ಕಷ್ಟ ಅಂತ ನಮ್ಮ ಭಾಷೆಗೇ ಗೊತ್ತಿದ್ದಂಗಿದೆ. ಆ ಕೆಲಸವನ್ನ ಜೆಡಾಯ್‌ಗಳು ಒಂಬತ್ತು ವರ್ಷದ ಹುಡುಗನಿಗೆ ಕೊಟ್ಟರು.

ಈಗ ನಿಯಮದ ಪರವಾಗಿ ಸ್ವಲ್ಪ ವಾದ ಮಾಡ್ತೀನಿ, ಯಾಕಂದ್ರೆ ಇಂಟರ್ನೆಟ್‌ನಲ್ಲಿ ಎಲ್ಲರೂ ಜೆಡಾಯ್‌ಗಳನ್ನ ಬೈಯೋದೇ ಆಗೋಗಿದೆ. ನಾನು ಕಾಮರ್ಸ್ ಓದಿದೋನು, ನನಗೆ ತಕ್ಷಣ ನೆನಪಾಗೋದು ಆಡಿಟರ್. 2013ರ ಕಂಪನಿ ಕಾಯ್ದೆ ಪ್ರಕಾರ ಒಂದು ಕಂಪನಿಯ ಷೇರು ಇಟ್ಕೊಂಡಿರೋ ಆಡಿಟರ್ ಅದೇ ಕಂಪನಿಯ ಆಡಿಟ್ ಮಾಡೋ ಹಾಗಿಲ್ಲ. ಅವನ ಹತ್ತಿರದ ಸಂಬಂಧಿಕರ ಹತ್ರ ಇದ್ರೆ 1 ಲಕ್ಷ ರೂಪಾಯಿ ಮುಖಬೆಲೆ ತನಕ ಮಾತ್ರ ವಿನಾಯಿತಿ. ಯಾಕೆ? ದುಡ್ಡು ಎಲ್ಲಿ ಅಂಟಿದೆಯೋ ಕಣ್ಣು ಅಲ್ಲಿ ಮಂಜಾಗುತ್ತೆ. ಬರೀ ಲೆಕ್ಕ ನೋಡೋನಿಗೇ ಇಷ್ಟು ಕಟ್ಟುನಿಟ್ಟು. ಇನ್ನು ಬೆರಳು ಆಡಿಸಿ ಮನುಷ್ಯನ ಕತ್ತು ಹಿಸುಕೋ ಶಕ್ತಿ ಇರೋನಿಗೆ, ಕೋಪ ಬಂದ್ರೆ ಊರೇ ಸುಡಬಲ್ಲವನಿಗೆ, ‘ನಿನ್ನವರು ಅಂತ ಯಾರನ್ನೂ ಇಟ್ಕೋಬೇಡ’ ಅಂದ್ರೆ ಅದು ದಡ್ಡತನ ಅಲ್ಲ.

ಆದ್ರೆ ಒಂದು ವ್ಯತ್ಯಾಸ ನೋಡಿ. ಕಾನೂನು ಆಡಿಟರ್‌ಗೆ ಹೆಂಡತಿ ಮಕ್ಕಳು ಇರಲೇಬಾರದು ಅನ್ನಲ್ಲ. ಇರ್ತಾರೆ ಅಂತ ಒಪ್ಕೊಂಡೇ ಶುರು ಮಾಡುತ್ತೆ. ಇದ್ರೆ ಹೇಳು, ಆ ಫೈಲಿಂದ ದೂರ ನಿಲ್ಲು, ಇನ್ನೊಬ್ಬರು ನೋಡ್ತಾರೆ. ಜೆಡಾಯ್ ವ್ಯವಸ್ಥೆಯಲ್ಲಿ ಈ ‘ಇದ್ರೆ ಹೇಳು’ ಅನ್ನೋ ಕಾಲಂ ಇರಲಿಲ್ಲ. ಇರಬಾರದು, ಆದ್ದರಿಂದ ಇಲ್ಲ. ಮುಗೀತು.

ಈಗ ಶ್ಮಿ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ಇಡೀ ಕಥೆ ನಿಂತಿರೋದು ಈ ಹೆಂಗಸಿನ ಮೇಲೆ, ಆದ್ರೆ ಅವಳ ಬಗ್ಗೆ ಮಾತಾಡೋರು ಕಮ್ಮಿ.

ಶ್ಮಿ ಅನಾಕಿನ್‌ನ ಅಮ್ಮ. ಟ್ಯಾಟೂಯಿನ್ ಅನ್ನೋ ಮರುಭೂಮಿ ಗ್ರಹದಲ್ಲಿ ವಾಟ್ಟೋ ಅನ್ನೋ ಗುಜರಿ ವ್ಯಾಪಾರಿಯ ಗುಲಾಮಳು. ಮಗನೂ ಗುಲಾಮ. ಕ್ವಾಯ್-ಗಾನ್ ಅನ್ನೋ ಜೆಡಾಯ್ ಒಂದು ರೇಸ್ ಮೇಲೆ ಪಂದ್ಯ ಕಟ್ಟಿ ಹುಡುಗನನ್ನ ಬಿಡಿಸ್ಕೊಳ್ತಾನೆ. ತಾಯಿಯನ್ನೂ ಸೇರಿಸೋಕೆ ವಾಟ್ಟೋ ಒಪ್ಪಲ್ಲ. ಹುಡುಗ ರಾಜಧಾನಿಗೆ ಬರ್ತಾನೆ, ಕೌನ್ಸಿಲ್ ಅವನನ್ನ ಪರೀಕ್ಷೆ ಮಾಡುತ್ತೆ. ಅವನ ಯೋಚನೆ ಅಮ್ಮನ ಸುತ್ತಲೇ ತಿರುಗ್ತಿದೆ ಅಂತ ಕಂಡುಹಿಡಿಯುತ್ತೆ. ಅವಳನ್ನ ಕಳ್ಕೊಳ್ಳೋ ಭಯ ಇದೆ ಅಂತ ಹೇಳಿ ಯೋಡಾ ಆ ಭಯ ಎಲ್ಲಿಗೆ ಕರ್ಕೊಂಡು ಹೋಗುತ್ತೆ ಅಂತ ಉಪದೇಶ ಕೊಡ್ತಾರೆ. ಈಗ ಟೀ ಶರ್ಟ್ ಮೇಲೆಲ್ಲ ಅಚ್ಚಾಗಿರೋ ಉಪದೇಶ.

ಉಪದೇಶದಲ್ಲಿ ತಪ್ಪಿಲ್ಲ. ಆದ್ರೆ ಆ ಭಯಕ್ಕೆ ಒಂದು ವಿಳಾಸ ಇತ್ತಲ್ಲ ಸ್ವಾಮಿ? ತಾಯಿ ಗುಲಾಮಗಿರಿಯಲ್ಲಿ ಇದ್ದಾಳೆ. ಇಡೀ ಗಣರಾಜ್ಯದ ಬೆಂಬಲ, ಸೆನೆಟ್ ಜೊತೆ ಸಂಪರ್ಕ, ಹಡಗುಗಳು ಎಲ್ಲಾ ಇರೋ ಸಂಸ್ಥೆ. ಯಾರಾದ್ರೂ ಒಬ್ಬರು ಹೋಗಿ ದುಡ್ಡು ಕೊಟ್ಟು ಅವಳನ್ನ ಬಿಡಿಸಿ, ‘ನಿನ್ನಮ್ಮ ಕ್ಷೇಮವಾಗಿದ್ದಾಳೆ, ಈಗ ಪಾಠ ಮಾಡು’ ಅಂದಿದ್ರೆ? ಹತ್ತು ವರ್ಷ ಆಗುತ್ತೆ. ಜೆಡಾಯ್‌ಗಳು ಹೋಗಿ ಬಿಡಿಸಿದ್ದನ್ನ ನಾವು ಸಿನಿಮಾದಲ್ಲಿ ನೋಡಲ್ಲ. ಅವಳನ್ನ ಕೊಂಡು, ಗುಲಾಮಗಿರಿಯಿಂದ ಬಿಡಿಸಿ, ಮದುವೆ ಆಗೋದು ಯಾರು ಗೊತ್ತಾ? ಕ್ಲೀಗ್ ಲಾರ್ಸ್, ಒಬ್ಬ ರೈತ. ಗಾಳಿಯಲ್ಲಿರೋ ತೇವದಿಂದ ನೀರು ಹಿಡಿದು ಬದುಕೋನು. ಮುಂದೆ ಅವಳನ್ನ ಮರುಭೂಮಿಯ ಟಸ್ಕನ್‌ಗಳು ಎತ್ಕೊಂಡು ಹೋದಾಗ ಇದೇ ಕ್ಲೀಗ್ ಜನ ಕಟ್ಕೊಂಡು ಹುಡುಕೋಕೆ ಹೋಗ್ತಾನೆ. ಹೋದೋರು 30 ಜನ, ವಾಪಸ್ ಬಂದೋರು 4. ಕ್ಲೀಗ್ ಒಂದು ಕಾಲು ಕಳ್ಕೊಳ್ತಾನೆ. ಅಂಟಿಕೊಂಡಿದ್ದವನು ಮಾಡಿದ್ದು ಇದು.

ಅಷ್ಟೊತ್ತಿಗೆ ಅನಾಕಿನ್‌ಗೆ ಕನಸು ಬೀಳೋಕೆ ಶುರುವಾಗಿರುತ್ತೆ, ಅಮ್ಮ ನರಳ್ತಿರೋ ಕನಸು. ಗುರು ಓಬಿ-ವಾನ್‌ಗೆ ಹೇಳಿದ್ರೆ ಸಿಗೋ ಉತ್ತರ, ಕನಸು ತಾನಾಗೇ ಹೋಗುತ್ತೆ ಅಂತ. ಓಬಿ-ವಾನ್ ಕೆಟ್ಟವನಲ್ಲ. ನಮ್ಮ ಮನೆಗಳಲ್ಲೂ ಪಾಪ ಒಳ್ಳೆ ಮನಸ್ಸಿಂದಲೇ ಹೀಗೆ ಹೇಳ್ತಾರೆ, ‘ಏನೂ ಆಗಲ್ಲ ಬಿಡೋ, ಮಲ್ಕೋ’. ಕೊನೆಗೆ ಅನಾಕಿನ್ ತಡ್ಕೊಳ್ಳೋಕಾಗದೆ ಹೋಗ್ತಾನೆ, ಅಮ್ಮ ಅವನ ತೋಳಲ್ಲೇ ಸಾಯ್ತಾಳೆ. ಆ ರಾತ್ರಿ ಅವನು ಇಡೀ ಹಾಡಿಯನ್ನೇ ಕೊಲ್ತಾನೆ. ಹೆಂಗಸರು, ಮಕ್ಕಳು, ಯಾರನ್ನೂ ಬಿಡಲ್ಲ. ಇದಕ್ಕೆ ನನ್ನ ಹತ್ರ ಯಾವ ವಕಾಲತ್ತೂ ಇಲ್ಲ. ಅಮ್ಮ ಸತ್ತ ದುಃಖ ಅವನದ್ದು, ಕೊಂದ ಕೈಯೂ ಅವನದ್ದೇ.

ನನ್ನನ್ನ ಕಾಡೋದು ಅದರ ನಂತರದ್ದು. ದೂರದಲ್ಲಿ ಧ್ಯಾನದಲ್ಲಿ ಕೂತಿದ್ದ ಯೋಡಾಗೆ ಆ ನೋವು ಗೊತ್ತಾಗುತ್ತೆ. ಹುಡುಗ ಭಯಂಕರ ನೋವಲ್ಲಿದ್ದಾನೆ ಅಂತ ಪಕ್ಕದಲ್ಲಿದ್ದ ಮೇಸ್ ವಿಂಡುಗೆ ಹೇಳ್ತಾರೆ ಕೂಡ. ಆಮೇಲೆ? ಯುದ್ಧ ಶುರುವಾಗುತ್ತೆ, ಹುಡುಗ ಸೇನಾಪತಿ ಆಗ್ತಾನೆ. ‘ಆವತ್ತು ಏನಾಯ್ತಪ್ಪ?’ ಅಂತ ಯಾರಾದ್ರೂ ಕೂರಿಸಿ ಕೇಳೋ ಒಂದೇ ಒಂದು ದೃಶ್ಯ ಸಿನಿಮಾದಲ್ಲಿ ಇಲ್ಲ. ಅವನು ಗುಟ್ಟಾಗಿ ಪದ್ಮೆಯನ್ನ ಮದುವೆ ಆಗ್ತಾನೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪುಸ್ತಕಕ್ಕೆ ಬರೆಯದ ಸಾಲ. ಬ್ಯಾಲೆನ್ಸ್ ಶೀಟ್ ನೋಡಿದ್ರೆ ಕಂಪನಿ ಫಳಫಳ ಅಂತಿದೆ, ನಂಬರ್ ಒನ್ ಯೋಧ. ಸಾಲ ಮಾತ್ರ ಬೆಳೀತಾನೇ ಇದೆ.

2005ರ ಸಿನಿಮಾದಲ್ಲಿ ಮತ್ತೆ ಕನಸು. ಈ ಸಲ ಗರ್ಭಿಣಿ ಪದ್ಮೆ ಹೆರಿಗೆಯಲ್ಲಿ ಸಾಯೋ ಕನಸು. ಹೋದ ಸಲದ ಕನಸು ನಿಜ ಆಗಿದೆ, ಹಾಗಾಗಿ ಇದನ್ನ ಅವನು ಹಗುರವಾಗಿ ತಗೊಳ್ಳೋಕೆ ಆಗಲ್ಲ. ಯೋಡಾ ಹತ್ರ ಹೋಗ್ತಾನೆ. ಆದ್ರೆ ಏನಂತ ಹೇಳೋದು? ಹೆಂಡತಿ ಅನ್ನೋ ಹಾಗಿಲ್ಲ. ಅವಳು ಬಸುರಿ ಅನ್ನೋ ಹಾಗಿಲ್ಲ. ‘ಹತ್ತಿರದವರು ಒಬ್ಬರು’ ಅಂತ ಸುತ್ತಿ ಬಳಸಿ ಹೇಳ್ತಾನೆ. ಯೋಡಾ ಕೊಡೋ ಸಲಹೆ, ಕಳ್ಕೊಳ್ಳೋಕೆ ಹೆದರೋದನ್ನೆಲ್ಲ ಬಿಡೋ ಅಭ್ಯಾಸ ಮಾಡ್ಕೋ ಅಂತ. ತತ್ತ್ವವಾಗಿ ಅದು ದೊಡ್ಡ ಮಾತು. ಆದ್ರೆ ಯೋಡಾಗೆ ಕೇಸೇ ಪೂರ್ತಿ ಗೊತ್ತಿಲ್ಲ. ಹೊಟ್ಟೆನೋವು ಅಂತ ಮಾತ್ರ ಹೇಳಿ ಬೇರೆಲ್ಲ ಮುಚ್ಚಿಟ್ಟ ರೋಗಿಗೆ ಡಾಕ್ಟರ್ ಜೀರಿಗೆ ಕಷಾಯ ಕೊಟ್ಟಂಗೆ ಆಯ್ತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ. ನನ್ನ ಕಾಲೇಜು ಗೆಳೆಯ ಒಬ್ಬನ ಮನೇಲಿ ಒಂದೇ ಒಂದು ನಿಯಮ, ಸಾಲ ಮಾಡಬಾರದು. ಅವನ ಅಪ್ಪ ಸಾಲದಿಂದ ನೊಂದಿದ್ದವರು, ನಿಯಮದಲ್ಲಿ ಯಾವ ತಪ್ಪೂ ಇರಲಿಲ್ಲ. ‘ಸಾಲ ಅನ್ನೋ ಮಾತೇ ಈ ಮನೇಲಿ ಬರಬಾರದು’ ಅಂತಿದ್ರು, ಮಾತೂ ಬರಲಿಲ್ಲ. ಇವನಿಗೆ ಕೆಲಸ ಹೋಯ್ತು, ಮನೇಲಿ ಹೇಳಲಿಲ್ಲ, ಒಂದು ಲೋನ್ ಆ್ಯಪ್‌ನಿಂದ 8 ಸಾವಿರ ತಗೊಂಡ. ಅದನ್ನ ತೀರಿಸೋಕೆ ಇನ್ನೊಂದು ಆ್ಯಪ್. ಆ್ಯಪ್ ಅವನ ಹತ್ರ ‘ಯಾಕೆ ಬೇಕು, ಅಪ್ಪಂಗೆ ಗೊತ್ತಾ’ ಅಂತ ಕೇಳಲಿಲ್ಲ. ಐದು ನಿಮಿಷದಲ್ಲಿ ಅಕೌಂಟಿಗೆ ದುಡ್ಡು ಹಾಕ್ತು. ಆಮೇಲೆ ಅವನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಕರೆ ಹೋಗೋಕೆ ಶುರುವಾಯ್ತು. ಮಗನ ಸಾಲದ ವಿಷಯ ಅಪ್ಪನಿಗೆ ಗೊತ್ತಾಗಿದ್ದು ಯಾವನೋ ಅಪರಿಚಿತ ಫೋನಲ್ಲಿ ಬೈದಾಗ. ಅವರು ಹೊಡೀಲಿಲ್ಲ, ಕೂಗಾಡಲಿಲ್ಲ. ಒಂದು ನೋಟ್‌ಬುಕ್ ತಗೊಂಡು ಕೂತು ಎಲ್ಲಾ ಲೆಕ್ಕ ಬರೆಸಿಕೊಂಡ್ರು. ‘ಮೊದಲೇ ಯಾಕೆ ಹೇಳಲಿಲ್ಲ?’ ಅಂದ್ರಂತೆ. ‘ಹೇಳೋಕೆ ಜಾಗ ಎಲ್ಲಿತ್ತು ಅಂತ ಬಾಯಿಗೆ ಬಂತು ಕಣೋ, ನುಂಗ್ಕೊಂಡೆ’ ಅಂತ ನನ್ನ ಹತ್ರ ಹೇಳಿದ.

ಪಾಲ್ಪಟೀನ್ ಆ ಲೋನ್ ಆ್ಯಪ್. ಗಣರಾಜ್ಯದ ಚಾನ್ಸಲರ್, ಗುಟ್ಟಾಗಿ ಜೆಡಾಯ್‌ಗಳ ಪರಮ ಶತ್ರು. ಅವನ ಶಕ್ತಿ ಅಂದ್ರೆ ಕೈಯಿಂದ ಮಿಂಚು ಬಿಡೋದು ಅಂತ ಎಲ್ಲರೂ ಅಂದ್ಕೊಳ್ತಾರೆ. ನನ್ನ ಪ್ರಕಾರ ಅವನ ನಿಜವಾದ ಶಕ್ತಿ ಕಿವಿಯಲ್ಲಿತ್ತು. ವರ್ಷಗಟ್ಟಲೆ ಆ ಹುಡುಗನ ಮಾತು ಕೇಳಿದ. ಟಸ್ಕನ್‌ಗಳನ್ನ ಕೊಂದಿದ್ದು ಕೌನ್ಸಿಲ್‌ಗೆ ಗೊತ್ತಿಲ್ಲ, ಪಾಲ್ಪಟೀನ್‌ಗೆ ಗೊತ್ತು, ಅನಾಕಿನ್ನೇ ಹೇಳಿರ್ತಾನೆ. ಒಂದು ಸಂಜೆ ಒಪೆರಾ ನೋಡ್ತಾ ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳ್ತಾನೆ. ಪ್ರೀತಿಸಿದವರನ್ನ ಸಾವಿಂದ ಉಳಿಸೋ ವಿದ್ಯೆ ಒಬ್ಬನಿಗೆ ಗೊತ್ತಿತ್ತು ಅಂತ. ಆ ದೃಶ್ಯ ಮತ್ತೆ ನೋಡಿ. ಕತ್ತಿ ಇಲ್ಲ, ಕಿರುಚಾಟ ಇಲ್ಲ, ಎರಡು ಕುರ್ಚಿ ಅಷ್ಟೇ. ಇಡೀ ಪಂಥ ಸೋತಿದ್ದು ಆ ಕುರ್ಚಿಗಳಲ್ಲಿ.

ಆಮೇಲೆ ಎಲ್ಲಾ ಬೇಗ ಬೇಗ ನಡೆಯುತ್ತೆ. ಅನಾಕಿನ್ ಪಾಲ್ಪಟೀನ್ ಕಡೆ ಸೇರ್ತಾನೆ, ಆರ್ಡರ್ 66 ಹೊರಡುತ್ತೆ, ಸೈನಿಕರು ತಮ್ಮ ಜೆಡಾಯ್ ನಾಯಕರನ್ನೇ ಕೊಲ್ತಾರೆ. ದೇವಾಲಯದಲ್ಲಿದ್ದ ಮಕ್ಕಳನ್ನೂ ಅನಾಕಿನ್ ಬಿಡಲ್ಲ. ಯಾರನ್ನ ಉಳಿಸೋಕೆ ಇದೆಲ್ಲ ಮಾಡಿದನೋ ಆ ಪದ್ಮೆಯ ಕತ್ತನ್ನ ಅವನೇ ಹಿಸುಕ್ತಾನೆ. ಅವಳು ಅವಳಿ ಮಕ್ಕಳನ್ನ ಹೆತ್ತು ಸಾಯ್ತಾಳೆ.

‘ಅದಕ್ಕೇ ಹೇಳಿದ್ದು, ಅಂಟಿಕೊಂಡ್ರೆ ಹಿಂಗೇ ಆಗೋದು’ ಅಂತ ಯೋಡಾ ಪಕ್ಷದವರು ಹೇಳಬಹುದು. ಅದೂ ಒಂದು ಓದು. ಆದ್ರೆ ಅದುಮಿಡೋದು ಬೇರೆ, ಬಿಡೋದು ಬೇರೆ, ಮತ್ತೆ ಇದು ಬರೀ ಸಿನಿಮಾ ಮಾತಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತೆ ಜೊತೆಯವರು ಒಂದು ಪ್ರಯೋಗ ಪ್ರಕಟಿಸಿದ್ರು. ಬಿಳಿ ಕರಡಿ ಬಗ್ಗೆ ಯೋಚನೆ ಮಾಡಬೇಡಿ, ಬಂದ್ರೆ ಗಂಟೆ ಒತ್ತಿ ಅಂದ್ರು. ಗಂಟೆ ಒತ್ತುತ್ತಲೇ ಇತ್ತು. ಆಮೇಲೆ ‘ಈಗ ಯೋಚನೆ ಮಾಡಬಹುದು’ ಅಂದಾಗ, ಮೊದಲು ತಡೆದಿದ್ದವರಿಗೆ ಕರಡಿ ಇನ್ನೂ ಜಾಸ್ತಿ ನುಗ್ಗಿ ಬಂತು. 1993ರಲ್ಲಿ ಜೇಮ್ಸ್ ಗ್ರಾಸ್, ರಾಬರ್ಟ್ ಲೆವೆನ್ಸನ್ ಅನ್ನೋರು ಜನರಿಗೆ ಅಸಹ್ಯ ಹುಟ್ಟಿಸೋ ಫಿಲ್ಮ್ ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಿಸಬೇಡಿ ಅಂದ್ರು. ಮುಖ ಶಾಂತ ಆಯ್ತು. ಒಳಗಿನ ಅಸಹ್ಯ ಮಾತ್ರ ಕಮ್ಮಿ ಆಗಿರಲಿಲ್ಲ, ದೇಹದಲ್ಲಿ ಒತ್ತಡದ ಕೆಲವು ಗುರುತುಗಳು ಹೆಚ್ಚೇ ಆಗಿದ್ವು. ಕೌನ್ಸಿಲ್ ಸಭೆಯಲ್ಲಿ ಅನಾಕಿನ್ ಮುಖ ನೆನಪು ಮಾಡ್ಕೊಳ್ಳಿ.

ಹಾಗಾದ್ರೆ ಬಿಡೋದು ಅಂದ್ರೆ ಹೆಂಗಿರುತ್ತೆ? ಅದಕ್ಕೆ ಉತ್ತರ ಪಕ್ಕದಲ್ಲೇ ಇದ್ದ ಓಬಿ-ವಾನ್. ‘ಕ್ಲೋನ್ ವಾರ್ಸ್’ ಆ್ಯನಿಮೇಷನ್ ಸರಣಿ ನೋಡದೇ ಇದ್ರೆ ಅವನು ಕಲ್ಲು ಮನುಷ್ಯ ಅನ್ಸುತ್ತೆ. ಎರಡನೇ ಸೀಸನ್‌ನಲ್ಲಿ ಗೊತ್ತಾಗುತ್ತೆ, ಮ್ಯಾಂಡಲೋರ್‌ನ ಡಚೆಸ್ ಸಟೀನ್‌ನ ಅವನು ಪ್ರೀತಿಸ್ತಿದ್ದ ಅಂತ. ನೀನು ಒಂದು ಮಾತು ಹೇಳಿದ್ರೆ ಪಂಥ ಬಿಟ್ಟು ಬರ್ತಿದ್ದೆ ಅಂತ ಅವಳ ಮುಖಕ್ಕೇ, ಬೇರೆಯವರ ಎದುರಿಗೇ ಹೇಳ್ತಾನೆ. ಐದನೇ ಸೀಸನ್‌ನಲ್ಲಿ ಮಾಲ್ ಅನ್ನೋ ಶತ್ರು ಅವಳನ್ನ ಓಬಿ-ವಾನ್ ಕಣ್ಣೆದುರಿಗೇ ಕೊಲ್ತಾನೆ. ಅವನನ್ನ ಒಡೆದು ಹಾಕೋಕೆ ಅಂತಲೇ ಕೊಲ್ಲೋದು. ಓಬಿ-ವಾನ್ ಒಡೆಯಲ್ಲ. ಅಳು ಬರುತ್ತೆ, ಅವಳನ್ನ ತೋಳಲ್ಲಿ ಹಿಡ್ಕೊಳ್ತಾನೆ, ಆದ್ರೆ ಮಾಲ್ ಕಾಯ್ತಿದ್ದ ಆ ದ್ವೇಷ ಬರಲ್ಲ. ಎಷ್ಟೋ ವರ್ಷ ಆದ ಮೇಲೆ, ‘ರೆಬೆಲ್ಸ್’ ಸರಣಿಯಲ್ಲಿ, ಅದೇ ಮಾಲ್ ಓಬಿ-ವಾನ್ ಕತ್ತಿಗೆ ಸಿಕ್ಕಿ ಸಾಯೋವಾಗ ಓಬಿ-ವಾನ್ ಅವನನ್ನೂ ತೋಳಲ್ಲೇ ಹಿಡ್ಕೊಂಡಿರ್ತಾನೆ.

ಅದೇ ಪಂಥ, ಅದೇ ನಿಯಮ. ಓಬಿ-ವಾನ್‌ಗೆ ಗುಟ್ಟಿರಲಿಲ್ಲ, ಅಥವಾ ಗುಟ್ಟನ್ನ ತನ್ನಿಂದ ತಾನೇ ಮುಚ್ಚಿಟ್ಟಿರಲಿಲ್ಲ. ಪ್ರೀತಿ ಇದೆ ಅಂತ ಒಪ್ಕೊಂಡು, ಆಯ್ಕೆ ಮಾಡ್ಕೊಂಡು ಬಿಟ್ಟಿದ್ದ. ಆದ್ರಿಂದ ಮಾಲ್‌ಗೆ ಹಿಡಿದು ಎಳೆಯೋಕೆ ದಾರ ಸಿಗಲಿಲ್ಲ. ಬೇಜಾರಿನ ವಿಷಯ ಅಂದ್ರೆ, ಇಷ್ಟೆಲ್ಲ ಗೊತ್ತಿದ್ದವನು ಶಿಷ್ಯನ ಜೊತೆ ಕೂತು ‘ನನಗೂ ಹಿಂಗೇ ಆಗಿತ್ತು ಕಣೋ’ ಅಂತ ಒಂದು ಸಂಜೆ ಪೂರ್ತಿ ಮಾತಾಡಿದ್ದು ನಮಗೆ ಕಾಣಿಸಲ್ಲ.

ಕೊನೇದಾಗಿ ಅನಾಕಿನ್ ಮಗ ಲ್ಯೂಕ್. 1983ರ ‘ರಿಟರ್ನ್ ಆಫ್ ದ ಜೆಡಾಯ್’. ಅಷ್ಟೆಲ್ಲ ಆದ ಮೇಲೂ ಓಬಿ-ವಾನ್‌ನ ಆತ್ಮ ಲ್ಯೂಕ್‌ಗೆ ಹೇಳೋದು ಏನು? ಭಾವನೆಗಳನ್ನ ಆಳದಲ್ಲಿ ಹೂತಿಡು, ಇಲ್ಲಾಂದ್ರೆ ಚಕ್ರವರ್ತಿ ಬಳಸ್ಕೊಳ್ತಾನೆ ಅಂತ. ಹುಡುಗ ಹೂತಿಡ್ತಾನೆ. ಕತ್ತಲೆಯಲ್ಲಿ ಬಚ್ಚಿಟ್ಕೊಂಡು ಕೂತಿದ್ದಾಗ ವೇಡರ್ ಅವನ ಮನಸ್ಸಿಗೆ ಕೈ ಹಾಕಿ ಹೊರಗೆ ತೆಗೆಯೋದು ಆ ಹೂತಿಟ್ಟದ್ದನ್ನೇ, ತಂಗಿ ಲೇಯಾ ವಿಷಯ. ಲ್ಯೂಕ್ ಸಿಡಿದು ಅಪ್ಪನ ಕೈ ಕತ್ತರಿಸ್ತಾನೆ. ಕತ್ತರಿಸಿದ ಆ ಕೈಯಲ್ಲಿ ತಂತಿಗಳು. ತನ್ನ ಕೈ ನೋಡ್ಕೊಳ್ತಾನೆ, ಅದೂ ಯಂತ್ರದ್ದೇ. ಅಲ್ಲಿ ನಿಲ್ತಾನೆ. ಕೋಪ ಇಲ್ಲ ಅಂತ ನಟಿಸಲ್ಲ, ಅಪ್ಪನ ಮೇಲೆ ಪ್ರೀತಿ ಇಲ್ಲ ಅಂತಾನೂ ನಟಿಸಲ್ಲ. ಕತ್ತಿ ಎಸೆದು ಸುಮ್ನೆ ನಿಲ್ತಾನೆ. ಚಕ್ರವರ್ತಿ ಮಿಂಚು ಹೊಡೀತಾನೆ, ಲ್ಯೂಕ್ ‘ಅಪ್ಪಾ’ ಅಂತ ಕೂಗ್ತಾನೆ. ಆ ಮನುಷ್ಯ ಚಕ್ರವರ್ತಿಯನ್ನ ಎತ್ತಿ ಬಿಸಾಕ್ತಾನೆ. ಪದ್ಮೆಯನ್ನ ಉಳಿಸೋಕೆ ಇನ್ನೊಬ್ಬರ ಮಕ್ಕಳ ಜೀವ ತೆಗೆದಿದ್ದೋನು, ಮಗನನ್ನ ಉಳಿಸೋಕೆ ತನ್ನ ಜೀವ ಕೊಡ್ತಾನೆ. ಮಮಕಾರ, ಮಮತೆ ಅಂದ್ನಲ್ಲ, ಹೆಚ್ಚುಕಮ್ಮಿ ಅದು.

ಮುಂದೆ ಲ್ಯೂಕ್ ಸ್ವಂತ ಶಾಲೆ ಶುರು ಮಾಡಿದಾಗ, 2022ರ ‘ದ ಬುಕ್ ಆಫ್ ಬೋಬಾ ಫೆಟ್’ನಲ್ಲಿ, ಪುಟ್ಟ ಗ್ರೋಗು ಮುಂದೆ ಎರಡು ವಸ್ತು ಇಡ್ತಾನೆ. ಒಂದು ಕಡೆ ಯೋಡಾರ ಲೈಟ್‌ಸೇಬರ್, ಇನ್ನೊಂದು ಕಡೆ ಸಾಕಿದ ಅಪ್ಪ ಕೊಟ್ಟ ಕವಚ. ಒಂದನ್ನ ಮಾತ್ರ ಆರಿಸ್ಕೋ ಅಂತಾನೆ. ಮತ್ತೆ ಅದೇ ಪ್ರಶ್ನೆಪತ್ರಿಕೆ! ನನಗೆ ಆ ದೃಶ್ಯ ನೋಡಿ ಸಿಟ್ಟು ಬಂದಿತ್ತು. ಗ್ರೋಗು ಕವಚ ತಗೊಂಡು ಅಪ್ಪನ ಹತ್ರ ಹೊರಟುಹೋಗ್ತಾನೆ.

ಲ್ಯೂಕ್ ಮಾಡಿದ್ದು ಸರೀನಾ, ನಿಮ್ಮ ವಾದ ಏನು, ವಾಯ್ಸ್ ನೋಟ್ ಕಳಿಸಿ. ಒಂದು ನಿಮಿಷದ ಒಳಗಿರಲಿ, ಹೋದ ಸಲ ಒಬ್ಬರು ಹನ್ನೊಂದು ನಿಮಿಷ ಕಳಿಸಿದ್ರು, ಪೂರ್ತಿ ಕೇಳಿದೆ. ಮುಂದಿನ ವಾರ ಅಸೋಕಾ ಬಗ್ಗೆ. ಮಾಡದ ತಪ್ಪಿಗೆ ಪಂಥದಿಂದ ಹೊರಗೆ ಹಾಕಿ, ಆಮೇಲೆ ವಾಪಸ್ ಬಾ ಅಂದಾಗ ‘ಬೇಡ’ ಅಂದು ಮೆಟ್ಟಿಲು ಇಳಿದು ಹೋದ ಹುಡುಗಿ.